ಇ-ಪುಸ್ತಕ ವಾಚಕಯಂತ್ರ: ಜಾಲಸಂಚಾರದ ನಿರೀಕ್ಷೆಯೂ ಗ್ರಂಥಪ್ರಾಪ್ತಿಯ ವಾಸ್ತವವೂ

ಹಸ್ತಪ್ರತಿಗಳ ಅಧ್ಯಯನದಲ್ಲಿ ತೊಡಗಿದ ವಿದ್ವಾಂಸರಲ್ಲಿ ಹಲವರು ಇತ್ತೀಚಿನ ವರ್ಷಗಳಲ್ಲಿ ಇ-ಪುಸ್ತಕ ವಾಚಕಯಂತ್ರಗಳನ್ನು, ಎಂದರೆ ಕಿಂಡಲ್, ಕೋಬೋ ಮೊದಲಾದ ಹೆಸರುಗಳಿಂದ ಮಾರಾಟವಾಗುವ ಅಂಗೈಯಗಲದ ಓದುವ ಯಂತ್ರಗಳನ್ನು ಕೊಳ್ಳುತ್ತಿರುವುದು ಕಂಡುಬರುತ್ತದೆ. ಅವುಗಳ ಫಲಕ ಕಣ್ಣಿಗೆ ಹಿತವೆಂಬುದು ಇದಕ್ಕೆ ಒಂದು ಕಾರಣ. ಇದಕ್ಕಿಂತ ಬಲವಾದ ಕಾರಣ ಮತ್ತೊಂದಿದೆ. ಮುದ್ರಿತವಾಗಿ ಈಗ ಅಲಭ್ಯವಾಗಿರುವ ಅನೇಕ ಜೈನಗ್ರಂಥಗಳೂ, ಕೆಲವು ಭಂಡಾರಗಳ ಓಲೆಗರಿಗಳ ಛಾಯಾಚಿತ್ರಗಳೂ ಅಂತರಜಾಲದಲ್ಲಿ ದೊರೆಯುತ್ತಿವೆ. ಯಂತ್ರಕ್ಕೆ ವೈಫೈ ಸಂಪರ್ಕವಿದೆ, ಬ್ರೌಸರ್ ಎಂಬ ಜಾಲವೀಕ್ಷಕವೂ ಇದೆ. ಆದಕಾರಣ ಅದರಲ್ಲಿಯೇ ಜಾಲತಾಣವನ್ನು ತೆರೆದು, ಬೇಕಾದ ಗ್ರಂಥವನ್ನು ಇಳಿಸಿಕೊಂಡು, ಅಲ್ಲಿಯೇ ಓದಬಹುದೆಂಬುದು ಕೊಳ್ಳುವವರ ನಿರೀಕ್ಷೆ. ಕೊಂಡ ಒಂದೆರಡು ವಾರಗಳಲ್ಲಿಯೇ ಈ ನಿರೀಕ್ಷೆ ಭಂಗವಾಗುತ್ತದೆ. ಯಂತ್ರ ಕೆಟ್ಟದ್ದೆಂದು ಕೆಲವರು ಅದನ್ನು ಕಪಾಟಿಗೆ ಸೇರಿಸುವುದೂ ಉಂಟು. ದೋಷ ಯಂತ್ರದ್ದಲ್ಲ, ಅದು ಯಾವುದಕ್ಕಾಗಿ ನಿರ್ಮಿತವಾಯಿತೋ ಅದನ್ನು ಬಿಟ್ಟು ಬೇರೆಯದನ್ನು ಅದರಿಂದ ಅಪೇಕ್ಷಿಸಿದುದರಲ್ಲಿ ಇದೆ. ಈ ಅಪೇಕ್ಷೆ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು, ಸಲ್ಲದಿರುವುದಕ್ಕೆ ಹಸ್ತಪ್ರತಿಶಾಸ್ತ್ರದ ಕಡೆಯಿಂದ ಮಾಡಬೇಕಾದುದೇನು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಲಾಗಿದೆ.

ಯಂತ್ರದ ಸ್ವರೂಪ

ಈ ಯಂತ್ರಗಳ ಜೀವಾಳ ಇ-ಇಂಕ್ ಎಂಬ ವಿದ್ಯುನ್ಮಸಿಯ ಫಲಕ. ಅಮೆರಿಕದ ಎಂ.ಐ.ಟಿ.ಯ ಮೀಡಿಯಾ ಲ್ಯಾಬ್‌ನಲ್ಲಿ ನಡೆದ ಸಂಶೋಧನೆಯಿಂದ 1997ರಲ್ಲಿ ಇ-ಇಂಕ್ ಸಂಸ್ಥೆ ಹುಟ್ಟಿತು. ಈ ಫಲಕವನ್ನು ಬಳಸಿದ ಮೊದಲ ವಾಚಕಯಂತ್ರ, ಸೋನಿ ಸಂಸ್ಥೆಯ ಲಿಬ್ರಿಯೆ, 2004ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದಿತು. ಫಲಕದ ಒಳಗೆ ಕೂದಲೆಳೆಯ ದಪ್ಪದ ಅಸಂಖ್ಯ ಕೋಶಗಳಿರುತ್ತವೆ. ಒಂದೊಂದು ಕೋಶದೊಳಗಿನ ತಿಳಿದ್ರವದಲ್ಲಿ ಬಿಳಿಯ ಮತ್ತು ಕರಿಯ ಕಣಗಳು ತೇಲುತ್ತವೆ; ಅವುಗಳ ವಿದ್ಯುದಂಶ ಪರಸ್ಪರ ವಿರುದ್ಧವಾದುದು. ವಿದ್ಯುತ್ತನ್ನು ಹಾಯಿಸಿದಾಗ ಒಂದು ಬಗೆಯ ಕಣಗಳು ಮೇಲಕ್ಕೂ ಮತ್ತೊಂದು ಬಗೆಯವು ಕೆಳಕ್ಕೂ ಸರಿಯುತ್ತವೆ. ಹೀಗೆ ಮೂಡಿದ ಅಕ್ಷರ ಅನಂತರ ವಿದ್ಯುತ್ತಿನ ಸಹಾಯವಿಲ್ಲದೆಯೇ ನಿಂತಿರುತ್ತದೆ. ಪುಟ ತಿರುವಿದಾಗ ಮಾತ್ರ ಶಕ್ತಿ ವ್ಯಯವಾಗುತ್ತದೆ. ಒಮ್ಮೆ ವಿದ್ಯುತ್ ತುಂಬಿದರೆ ಯಂತ್ರ ವಾರಗಟ್ಟಲೆ ನಡೆಯುವುದು ಇದರಿಂದಲೇ.

ಕಂಠದಿಂದ ಕೊರೆದು ಮಸಿ ತುಂಬಿದ ಗರಿಯಂತೆ ಇಲ್ಲಿಯೂ ಅಕ್ಷರ ಹೊರಗಿನ ಬೆಳಕನ್ನು ಪ್ರತಿಫಲಿಸಿ ಕಾಣುತ್ತದೆಯೇ ಹೊರತು ತಾನಾಗಿ ಬೆಳಗುವುದಿಲ್ಲ. ಈಚಿನ ಯಂತ್ರಗಳಲ್ಲಿರುವ ದೀಪವೂ ಅಂಚಿನಿಂದ ಫಲಕದ ಮೇಲೆ ಬೆಳಕನ್ನು ಹಾಯಿಸುವುದಷ್ಟೆ. ಆದರೆ ಕಣಗಳು ದ್ರವದಲ್ಲಿ ಸರಿಯುವುದಕ್ಕೆ ಕಾಲ ಬೇಕು. ಮೊಬೈಲ್ ಫೋನಿನ ಫಲಕ ಒಂದು ಸೆಕೆಂಡಿಗೆ 60 ಬಾರಿ ಬದಲಾಗಬಲ್ಲುದು. ವಿದ್ಯುನ್ಮಸಿಯ ಫಲಕಕ್ಕೆ ಒಂದು ಪೂರ್ಣ ಬದಲಾವಣೆಗೆ ಅರ್ಧ ಸೆಕೆಂಡಿನಷ್ಟು ಕಾಲ ಹಿಡಿಯುತ್ತದೆ. ಅವಸರದಿಂದ ಬದಲಿಸಿದರೆ ಹಿಂದಿನ ಪುಟದ ಛಾಯೆ ಹೊಸ ಪುಟದಲ್ಲಿ ಉಳಿದುಬಿಡುತ್ತದೆ. ಸಾಮಾನ್ಯ ಯಂತ್ರಗಳಲ್ಲಿ ಕಪ್ಪು-ಬಿಳುಪಿನ ನಡುವೆ ದೊರೆಯುವ ಛಾಯಾಭೇದಗಳು 16 ಮಾತ್ರ.

ಪುಸ್ತಕದ ಪುಟವನ್ನು ಓದುವವನಿಗೆ ಇದರಿಂದ ಬಾಧೆಯಿಲ್ಲ. ಜಾಲತಾಣವನ್ನು ನೋಡುವವನ ಸ್ಥಿತಿ ಬೇರೆ. ಜಾಲಪುಟವೆಂಬುದು ಬೆರಳಿನಿಂದ ಮೇಲಕ್ಕೂ ಕೆಳಕ್ಕೂ ಸರಿಸುತ್ತ, ಹಿಗ್ಗಿಸುತ್ತ, ಕುಗ್ಗಿಸುತ್ತ ನೋಡಬೇಕಾದ ವಸ್ತು. ಪ್ರತಿಯೊಂದು ಸರಿಸುವಿಕೆಗೂ ಫಲಕ ಹೊಸದಾಗಿ ಬರೆಯಲ್ಪಡಬೇಕು. ಇದಲ್ಲದೆ ವಾಚಕಯಂತ್ರದ ಗಣಕಶಕ್ತಿಯೂ ಸ್ಮೃತಿಕೋಶವೂ ಬೇಕೆಂದೇ ಅಲ್ಪವಾಗಿ ಇಡಲ್ಪಟ್ಟಿವೆ; ಬೆಲೆ ಕಡಿಮೆಯಾಗುವುದೂ ಬ್ಯಾಟರಿ ಬಹುಕಾಲ ಬಾಳುವುದೂ ಆ ಮಿತವ್ಯಯದ ಫಲ. ಇಂದಿನ ಜಾಲತಾಣಗಳಾದರೋ ಭಾರವಾದ ಚಿತ್ರಗಳನ್ನೂ ಸ್ವಯಂ ಚಲಿಸುವ ಅಂಗಗಳನ್ನೂ ಹೊತ್ತುಕೊಂಡಿರುತ್ತವೆ.

ಬ್ರೌಸರ್ ಏಕೆ ಇದೆ?

ಹೀಗಿದ್ದ ಮೇಲೆ ಯಂತ್ರದಲ್ಲಿ ಬ್ರೌಸರ್ ಏಕೆ ಇದೆಯೆಂಬ ಪ್ರಶ್ನೆ ಸಹಜ. ಅಮೆಜಾನ್ ಸಂಸ್ಥೆಯು ಮೊದಲ ಕಿಂಡಲ್ ಯಂತ್ರವನ್ನು 2007ರ ನವೆಂಬರ್ 19ರಂದು ಅಮೆರಿಕದಲ್ಲಿ 399 ಡಾಲರಿನ ಬೆಲೆಗೆ ಹೊರತಂದಿತು. ಅದರ ಹೊಸತನವಿದ್ದುದು ಗಣಕಯಂತ್ರದ ನೆರವಿಲ್ಲದೆ ಮೊಬೈಲ್ ಜಾಲದ ಮೂಲಕ ನೇರವಾಗಿ ಪುಸ್ತಕ ತರಿಸಿಕೊಳ್ಳುವ ಸೌಕರ್ಯದಲ್ಲಿ. ಆ ಸಂಪರ್ಕ ಮುಖ್ಯವಾಗಿ ಮಾರಾಟದ ಅಂಗಡಿಗೆ ಹೋಗುವ ದಾರಿಯಾಗಿತ್ತು. ಬ್ರೌಸರ್ ಇದ್ದುದು ‘ಪ್ರಾಯೋಗಿಕ’ ಎಂಬ ತಲೆಬರಹದ ಕೆಳಗೆ. 2010ರಲ್ಲಿ ಬಂದ ಮೂರನೆಯ ತಲೆಮಾರಿನ ಕಿಂಡಲ್‌ನಲ್ಲಿ ಅದು ಗಣನೀಯವಾಗಿ ಸುಧಾರಿಸಿದರೂ ‘ಪ್ರಾಯೋಗಿಕ’ವೆಂಬ ವಿಶೇಷಣ ಬಹುಕಾಲ ಹೋಗಲಿಲ್ಲ. ಕೋಬೋ ಯಂತ್ರಗಳಲ್ಲಿಯೂ ಅದು ಪರೀಕ್ಷಾರ್ಥವಾದ ಸೌಲಭ್ಯಗಳ ಗುಂಪಿನಲ್ಲಿಯೇ ಸೇರಿರುವುದನ್ನು ಗಮನಿಸಬೇಕು. ತಯಾರಕರು ಇದನ್ನು ಮುಚ್ಚಿಟ್ಟವರಲ್ಲ. ಓದುಗರು ಆ ವಿಶೇಷಣವನ್ನು ಓದದೆ ಬಿಟ್ಟರು. ಪದವೊಂದನ್ನು ಹುಡುಕುವುದಕ್ಕೋ ವಿಶ್ವಕೋಶದ ಒಂದು ಲೇಖನವನ್ನು ನೋಡುವುದಕ್ಕೋ ಈ ಬ್ರೌಸರ್ ಸಾಕು. ಸೂಚೀಪತ್ರವನ್ನು ಶೋಧಿಸಿ, ಪುಟದಿಂದ ಪುಟಕ್ಕೆ ಹೋಗಿ, ಪ್ರತಿಗಳನ್ನು ಹೋಲಿಸುವ ಕೆಲಸಕ್ಕೆ ಅದು ಸಾಲದು.

ಇಳಿಸಿಕೊಳ್ಳುವ ವಿಷಯದಲ್ಲಿ ತೊಡಕು ಇನ್ನೂ ಸೂಕ್ಷ್ಮವಾದುದು. ಕಿಂಡಲ್‌ನ ಬ್ರೌಸರ್ ಬಹುಕಾಲ ನಾಲ್ಕೇ ಬಗೆಯ ಕಡತಗಳನ್ನು ಸ್ವೀಕರಿಸುತ್ತಿತ್ತು: ಅಮೆಜಾನ್‌ನದೇ ಆದ ಎ.ಝಡ್.ಡಬ್ಲ್ಯು., ಮೋಬಿ, ಪಿ.ಆರ್.ಸಿ. ಮತ್ತು ಸರಳವಾದ ಪಠ್ಯಕಡತ. ಜೈನಗ್ರಂಥಗಳು ಜಾಲದಲ್ಲಿ ಹೆಚ್ಚಾಗಿ ದೊರೆಯುವುದು ಪಿ.ಡಿ.ಎಫ್. ರೂಪದಲ್ಲಿ. ಯಂತ್ರಕ್ಕೆ ಪಿ.ಡಿ.ಎಫ್. ಓದಲು ಬರುತ್ತದೆ, ಆದರೆ ಅದರ ಬ್ರೌಸರ್‌ಗೆ ಅದನ್ನು ಇಳಿಸಲು ಬಾರದು! ಓದುಗನಿಗೆ ಇದು ವಿಚಿತ್ರವಾಗಿ ತೋರುವುದರಲ್ಲಿ ಆಶ್ಚರ್ಯವಿಲ್ಲ. ಇದಕ್ಕಿರುವ ರಾಜಮಾರ್ಗವೆಂದರೆ ಗ್ರಂಥವನ್ನು ಗಣಕಯಂತ್ರದಲ್ಲಿಯೋ ಫೋನಿನಲ್ಲಿಯೋ ಇಳಿಸಿಕೊಂಡು, ಅನಂತರ ಯು.ಎಸ್.ಬಿ. ತಂತಿಯಿಂದಾಗಲಿ ಇ-ಅಂಚೆಯಿಂದಾಗಲಿ ‘ಸೆಂಡ್ ಟು ಕಿಂಡಲ್’ ಎಂಬ ರವಾನೆಯ ತಾಣದಿಂದಾಗಲಿ ವಾಚಕಯಂತ್ರಕ್ಕೆ ಸಾಗಿಸುವುದು. ಇ-ಅಂಚೆಯಲ್ಲಿ 50 ಮೆಗಾಬೈಟ್‌ವರೆಗೂ ರವಾನೆಯ ತಾಣದಲ್ಲಿ 200 ಮೆಗಾಬೈಟ್‌ವರೆಗೂ ಕಡತವನ್ನು ಕಳುಹಿಸಬಹುದು. 2007ರಲ್ಲಿ ರೂಪುಗೊಂಡ ಇಪಬ್ ಎಂಬ ಮುಕ್ತವಿನ್ಯಾಸವನ್ನು ಕೋಬೋ ಮೊದಲಾದ ಯಂತ್ರಗಳು ನೇರವಾಗಿ ಓದುತ್ತವೆ. ಕಿಂಡಲ್‌ನ ರವಾನೆಯ ವ್ಯವಸ್ಥೆ ಅದನ್ನು ಸ್ವೀಕರಿಸಲಾರಂಭಿಸಿದುದು 2022ರಲ್ಲಿ.

ಆಂಡ್ರಾಯ್ಡ್ ವ್ಯವಸ್ಥೆಯಿಂದ ನಡೆಯುವ ಬೂಕ್ಸ್ ಮೊದಲಾದ ವಿದ್ಯುನ್ಮಸಿಯ ಯಂತ್ರಗಳೂ ಇವೆ. ಅವುಗಳಲ್ಲಿ ಫೋನಿನ ಬ್ರೌಸರ್‌ಗಳನ್ನೇ ಸ್ಥಾಪಿಸಿಕೊಂಡು ಯಾವ ಕಡತವನ್ನಾದರೂ ಇಳಿಸಿಕೊಳ್ಳಬಹುದು. ಬೆಲೆ ಹೆಚ್ಚು, ಬ್ಯಾಟರಿಯ ಆಯುಸ್ಸು ಕಡಿಮೆ. ಫಲಕದ ಮಂದಗತಿ ಮಾತ್ರ ಅದೇ.

ಗರಿಯ ಚಿತ್ರವೂ ಆರಂಗುಲದ ಫಲಕವೂ

ಇಷ್ಟಾಗಿ, ಕಡತವನ್ನು ಹೇಗೋ ಯಂತ್ರಕ್ಕೆ ಸೇರಿಸಿದರೆಂದೇ ಇಟ್ಟುಕೊಳ್ಳೋಣ. ಹಸ್ತಪ್ರತಿಯ ವಿದ್ಯಾರ್ಥಿಗೆ ನಿಜವಾದ ಅಡ್ಡಿ ಎದುರಾಗುವುದು ಇಲ್ಲಿ. 18 ಅಂಗುಲ ಉದ್ದ, 2 ಅಂಗುಲ ಅಗಲದ ಒಂದು ಓಲೆಗರಿಯನ್ನು ತೆಗೆದುಕೊಳ್ಳೋಣ. ಅದರಲ್ಲಿ ಪಕ್ಕಕ್ಕೆ 8 ಸಾಲುಗಳಿರಲಿ. ಸಾಮಾನ್ಯ ವಾಚಕಯಂತ್ರದ ಫಲಕ ಕರ್ಣದಲ್ಲಿ 6 ಅಂಗುಲ. ಎಂದರೆ ಅದರ ಉದ್ದ ಸುಮಾರು 4.8 ಅಂಗುಲ, ಅಗಲ 3.6 ಅಂಗುಲ. ಯಂತ್ರವನ್ನು ಅಡ್ಡಲಾಗಿ ಹಿಡಿದು ಇಡಿಯ ಗರಿಯನ್ನು ಕಾಣಿಸಿದರೆ ಗರಿ ತನ್ನ ಅಳತೆಯ ಕಾಲುಭಾಗಕ್ಕಿಂತ ತುಸುವೇ ಹೆಚ್ಚಾಗಿ ಕಾಣುತ್ತದೆ. ಅದರ ಅಗಲ ಅರ್ಧ ಅಂಗುಲವಾಗುತ್ತದೆ. ಒಂದೊಂದು ಸಾಲಿಗೆ ದೊರೆಯುವ ಎಡೆ ಸುಮಾರು 1.7 ಮಿಲಿಮೀಟರ್. ಈ ಎಡೆಯಲ್ಲಿಯೇ ಅಕ್ಷರ, ಅದರ ಮೇಲಣ ಗುಣಿತ, ಕೆಳಗಣ ಒತ್ತು ಎಲ್ಲವೂ ಅಡಗಬೇಕು. ಫಲಕದ ಮುಕ್ಕಾಲು ಪಾಲಿಗೂ ಹೆಚ್ಚು ಭಾಗ ಬರಿದಾಗಿ ಉಳಿಯುತ್ತದೆ. ಹಿಗ್ಗಿಸಿದರೆ ಸಾಲಿನ ಒಂದು ತುಣುಕು ಮಾತ್ರ ಕಾಣುತ್ತದೆ. ಒಂದು ಸಾಲನ್ನು ಓದಿ ಮುಗಿಸಲು ಚಿತ್ರವನ್ನು ನಾಲ್ಕೈದು ಬಾರಿ ಸರಿಸಬೇಕು, ಮುಂದಿನ ಸಾಲಿಗೆ ಮತ್ತೆ ಎಡಕ್ಕೆ ಬರಬೇಕು. ಒಂದೊಂದು ಸರಿಸುವಿಕೆಗೂ ಮೇಲೆ ಹೇಳಿದ ವಿಳಂಬ ತಪ್ಪಿದ್ದಲ್ಲ. 2022ರಲ್ಲಿ ಬಂದ ಕಿಂಡಲ್ ಸ್ಕ್ರೈಬ್‌ನಂತಹ 10.2 ಅಂಗುಲದ ಫಲಕದಲ್ಲಿ ಸಾಲಿನ ಎಡೆ 2.9 ಮಿಲಿಮೀಟರಿನವರೆಗೆ ಬರುತ್ತದೆ. ಸ್ಫುಟವಾದ ಪ್ರತಿಯಾದರೆ ಅದನ್ನು ಓದಬಹುದು. ಮಸಿ ಮಾಸಿದ ಗರಿಯಾದರೆ ಕಷ್ಟ. ಹುಳು ಕೊರೆದ ರಂಧ್ರಕ್ಕೂ ಅನುಸ್ವಾರದ ಸೊನ್ನೆಗೂ ಇರುವ ಭೇದವನ್ನು ತಿಳಿಯಬೇಕಾದ ಸಂಪಾದಕನಿಗೆ 16 ಛಾಯೆಗಳು ಸಾಲವು.

ವರ್ಣದ ಮಾತು ಹಾಗಿರಲಿ. ಮೂಡುಬಿದಿರೆಯ ಧವಲಾ ಪ್ರತಿಗಳಲ್ಲಿರುವ ವರ್ಣಚಿತ್ರಗಳನ್ನು ಕಪ್ಪು-ಬಿಳುಪಿನ ಫಲಕದಲ್ಲಿ ನೋಡುವುದು ನೋಡದಿರುವುದಕ್ಕೆ ಸಮಾನ. 2024ರಲ್ಲಿ ಕೋಬೋ ಮತ್ತು ಅಮೆಜಾನ್ ಸಂಸ್ಥೆಗಳು ಹೊರತಂದ ಬಣ್ಣದ ವಾಚಕಯಂತ್ರಗಳಲ್ಲಿಯೂ ಬಣ್ಣದ ಸಾಂದ್ರತೆ ಅಂಗುಲಕ್ಕೆ 150 ಬಿಂದುಗಳು. ಕಪ್ಪಕ್ಷರಕ್ಕೆ ಮಾತ್ರ 300.

ಕಡತದ ಗಾತ್ರವೂ ಲೆಕ್ಕಕ್ಕೆ ಬರಬೇಕಾದುದೇ. ಮೇಲಣ ಗರಿಯನ್ನು ಅಂಗುಲಕ್ಕೆ 300 ಬಿಂದುಗಳಂತೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ಉದ್ದಕ್ಕೆ 5,400, ಅಗಲಕ್ಕೆ 600 ಬಿಂದುಗಳು. ಬಿಂದುವಿಗೆ 3 ಬೈಟ್‌ನಂತೆ ಒಂದು ಪಕ್ಕಕ್ಕೆ ಸುಮಾರು 9.7 ಮೆಗಾಬೈಟ್. 200 ಗರಿಗಳ ಒಂದು ಕಟ್ಟಿಗೆ 400 ಪಕ್ಕಗಳು; ಸಂಕೋಚಿಸದ ಚಿತ್ರಗಳ ಮೊತ್ತ 3,888 ಮೆಗಾಬೈಟ್. ಹತ್ತರಲ್ಲೊಂದು ಪಾಲಿಗೆ ಸಂಕೋಚಿಸಿದರೂ ಅದು ರವಾನೆಯ ಮಿತಿಯ ಇಮ್ಮಡಿಗೆ ಸಮೀಪಿಸುತ್ತದೆ.

ಇನ್ನು ಅದೇ ಕಟ್ಟಿನ ಪಾಠವನ್ನು ಯಾರಾದರೂ ಓದಿ, ಅಕ್ಷರ ಅಕ್ಷರವಾಗಿ ಗಣಕಯಂತ್ರಕ್ಕೆ ಊಡಿದರೆ ಏನಾಗುತ್ತದೆಂಬುದನ್ನು ನೋಡಬೇಕು. ಸಾಲಿಗೆ 60 ಅಕ್ಷರಗಳಂತೆ ಪಕ್ಕಕ್ಕೆ 480; ಇಡಿಯ ಕಟ್ಟಿಗೆ 1,92,000 ಅಕ್ಷರಗಳು. ಯೂನಿಕೋಡ್ ಸಂಕೇತದಲ್ಲಿ ಒಂದು ಅಕ್ಷರಕ್ಕೆ ಸರಾಸರಿ 6 ಬೈಟ್ ಹಿಡಿದರೂ ಒಟ್ಟು 12 ಲಕ್ಷ ಬೈಟ್‌ಗಳನ್ನು, ಎಂದರೆ 1.2 ಮೆಗಾಬೈಟನ್ನು ಮೀರದು. ಸಂಕೋಚಿಸದ ಚಿತ್ರದ ಮೂರು ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ! ಈ ಕಡತವನ್ನು ಅತ್ಯಂತ ಅಗ್ಗದ ವಾಚಕಯಂತ್ರವೂ ಕ್ಷಣದಲ್ಲಿ ತೆರೆಯುತ್ತದೆ, ಓದುಗನ ಕಣ್ಣಿಗೆ ತಕ್ಕಂತೆ ಅಕ್ಷರವನ್ನು ದೊಡ್ಡದಾಗಿಸುತ್ತದೆ, ಶಬ್ದವನ್ನು ಹುಡುಕಿಕೊಡುತ್ತದೆ. ಚಿತ್ರದ ವಿಷಯದಲ್ಲಿ ನಿರುಪಯುಕ್ತವಾಗಿ ತೋರಿದ ಯಂತ್ರವೇ ಪಾಠದ ವಿಷಯದಲ್ಲಿ ಅತ್ಯುತ್ತಮವಾದ ಓದುವ ಸಾಧನ. ಆದುದರಿಂದ ವಾಚಕಯಂತ್ರದ ಕುರಿತ ನಿರಾಶೆಯ ಮೂಲ ಬಹುಮಟ್ಟಿಗೆ ಈ ಕ್ಷೇತ್ರದ ಕೆಲಸದ ಕ್ರಮದಲ್ಲಿಯೇ ಇದೆಯೆನ್ನಬೇಕು. ಭಂಡಾರಗಳ ಡಿಜಿಟಲೀಕರಣವೆಂದರೆ ಛಾಯಾಚಿತ್ರ ತೆಗೆದು ಮುಗಿಸುವುದೆಂಬ ಭಾವನೆ ಬೆಳೆದಿದೆ. ಛಾಯಾಚಿತ್ರ ಗರಿಯನ್ನು ಕಾಪಾಡುತ್ತದೆ, ಓದಿಕೊಡುವುದಿಲ್ಲ.

ಕನ್ನಡ ಅಕ್ಷರಗಳ ಸಮಸ್ಯೆ

ಪಾಠವನ್ನು ಊಡಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದೂ ಹೇಳಲಾಗದು. ಕನ್ನಡದ ಸಂಸ್ಥೆಗಳಲ್ಲಿ ಹಲವು ವರ್ಷಗಳಿಂದ ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳಲ್ಲಿ ಬೆರಳಚ್ಚು ಮಾಡಿದ ಗ್ರಂಥಗಳು ಸಂಗ್ರಹವಾಗಿವೆ. ಅವುಗಳಲ್ಲಿ ಹಳೆಯವು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಅಕ್ಷರಶೈಲಿಗಳನ್ನು ಬಳಸಿದವು. ಅಂತಹ ಕಡತವನ್ನು ವಾಚಕಯಂತ್ರಕ್ಕೆ ಹಾಕಿದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಅದನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು. ಪರಿವರ್ತನೆಯಲ್ಲಿ ಒತ್ತಕ್ಷರಗಳೂ ಅರ್ಕಾವತ್ತೂ ಸ್ಥಾನಪಲ್ಲಟವಾಗುವುದುಂಟಾದ್ದರಿಂದ ಮೂಲದೊಡನೆ ಮತ್ತೊಮ್ಮೆ ತಾಳೆನೋಡಲೇಬೇಕು.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ 128 ಸ್ಥಾನಗಳ ಒಂದು ಖಂಡ ಮೀಸಲಾಯಿತು. ಇಲ್ಲಿ ಅಕ್ಷರಗಳು ಉಚ್ಚಾರಣೆಯ ಕ್ರಮದಲ್ಲಿ ಸಂಗ್ರಹವಾಗುತ್ತವೆಯೇ ಹೊರತು ಬರೆಹದ ಆಕಾರದಲ್ಲಿ ಅಲ್ಲ. ‘ಸ್ತ್ರೀ’ ಎಂಬ ಒಂದು ಅಕ್ಷರ ಕಡತದಲ್ಲಿ ಸಕಾರ, ಹಲಂತಚಿಹ್ನೆ, ತಕಾರ, ಹಲಂತಚಿಹ್ನೆ, ರಕಾರ, ದೀರ್ಘ ಈಕಾರದ ಗುಣಿತ ಹೀಗೆ 6 ಸಂಕೇತಗಳಾಗಿರುತ್ತದೆ. ‘ಧರ್ಮ’ದಲ್ಲಿ ರೇಫ ಮಕಾರಕ್ಕಿಂತ ಮೊದಲೇ ಇರುತ್ತದೆ, ಅದನ್ನು ಮಕಾರದ ಬಲಕ್ಕೆ ಅರ್ಕಾವತ್ತಾಗಿ ಕಾಣಿಸುವುದು ಯಂತ್ರದೊಳಗಿನ ಅಕ್ಷರಜೋಡಣೆಯ ವ್ಯವಸ್ಥೆಯ ಹೊಣೆ. ಆ ವ್ಯವಸ್ಥೆಯಾಗಲಿ ಕನ್ನಡದ ಅಕ್ಷರಶೈಲಿಯಾಗಲಿ ಇಲ್ಲದ ಯಂತ್ರಗಳಲ್ಲಿ ಖಾಲಿ ಚೌಕಗಳೋ ಒಡೆದ ಅಕ್ಷರಗಳೋ ಕಾಣುತ್ತವೆ. ಅಮೆಜಾನ್ ಸಂಸ್ಥೆ 2016ರ ಡಿಸೆಂಬರಿನಲ್ಲಿ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕಿಂಡಲ್‌ನಲ್ಲಿ ಆರಂಭಿಸಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಈ ಐದಕ್ಕೆ ಎಡೆ ದೊರೆಯಿತು, ಕನ್ನಡಕ್ಕೆ ದೊರೆಯಲಿಲ್ಲ. ಆದಕಾರಣ ಕೊಳ್ಳುವ ಮುನ್ನ ಕನ್ನಡ ಯೂನಿಕೋಡ್‌ನ ಒಂದು ಪುಟವನ್ನು ಆ ಯಂತ್ರದಲ್ಲಿ ತೆರೆಯಿಸಿ ನೋಡುವುದು ಕ್ಷೇಮ. ಇಪಬ್ ಕಡತದ ಒಳಗೇ ಅಕ್ಷರಶೈಲಿಯನ್ನು ಅಡಕಮಾಡಲು ಅವಕಾಶವಿರುವುದರಿಂದ, ಗ್ರಂಥವನ್ನು ಸಿದ್ಧಪಡಿಸುವವರು ಈ ತೊಡಕನ್ನು ಬಹುಮಟ್ಟಿಗೆ ಪರಿಹರಿಸಬಹುದು.

ಹಳಗನ್ನಡದ ಱ ಮತ್ತು ೞ ಅಕ್ಷರಗಳ ವಿಷಯವನ್ನೂ ಇಲ್ಲಿ ಹೇಳಬೇಕು. ಇವೆರಡಕ್ಕೂ ಯೂನಿಕೋಡ್‌ನಲ್ಲಿ ಸ್ಥಾನವಿದೆ. ಆದರೆ ೞಕಾರಕ್ಕೆ ಆ ಪಟ್ಟಿಯಲ್ಲಿ ‘ಫ’ಕಾರವೆಂಬಂತೆ ತಪ್ಪಾದ ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡ್‌ನ ನಿಯಮವಾದ್ದರಿಂದ ತಪ್ಪು ಹಾಗೆಯೇ ಉಳಿದು, ಸರಿಯಾದ ಹೆಸರು ಅದರ ಪಕ್ಕದಲ್ಲಿ ಉಪನಾಮವಾಗಿ ಸೇರಿದೆ. ಲಿಪಿಕಾರನ ಸ್ಖಾಲಿತ್ಯವನ್ನು ಮೂಲದಲ್ಲಿ ತಿದ್ದದೆ ಅಡಿಟಿಪ್ಪಣಿಯಲ್ಲಿ ಶುದ್ಧಪಾಠವನ್ನು ಕೊಡುವ ಸಂಪಾದಕರ ಪದ್ಧತಿಗೆ ಇದು ಎಷ್ಟು ಸಮೀಪ! ಎಲ್ಲ ಅಕ್ಷರಶೈಲಿಗಳಲ್ಲಿಯೂ ಈ ಎರಡು ಅಕ್ಷರಗಳು ಇರುವುದಿಲ್ಲವಾದ್ದರಿಂದ, ಪಂಪ-ರನ್ನರ ಪಾಠಗಳನ್ನು ಸಿದ್ಧಪಡಿಸುವವರು ಇದನ್ನು ಮೊದಲೇ ಪರೀಕ್ಷಿಸತಕ್ಕದ್ದು.

ಯಂತ್ರವೇ ಚಿತ್ರದಿಂದ ಅಕ್ಷರಗಳನ್ನು ಓದುವ ವಿಧಾನವೂ ಪ್ರಚಾರದಲ್ಲಿದೆ. ಸ್ವಚ್ಛವಾದ ಆಧುನಿಕ ಮುದ್ರಣಕ್ಕೆ ಅದು ಉಪಯುಕ್ತ. ಆದರೆ ಕೆಲವು ಜಾಲಭಂಡಾರಗಳಲ್ಲಿ ಹೀಗೆ ತನ್ನಷ್ಟಕ್ಕೆ ಸಿದ್ಧವಾದ ಇಪಬ್ ಕಡತಗಳನ್ನು ಯಾರೂ ತಿದ್ದಿರುವುದಿಲ್ಲ; ಅವುಗಳನ್ನು ಆಧಾರಗ್ರಂಥವೆಂದು ಉಲ್ಲೇಖಿಸುವುದು ಅನುಚಿತ.

ಪ್ರತಿಯ ಒಡೆತನ

ಅಂಗಡಿಯಿಂದ ಹಣ ತೆತ್ತು ಇಳಿಸಿಕೊಂಡ ಪುಸ್ತಕದ ಕುರಿತೂ ಒಂದು ನಿರೀಕ್ಷೆ ಇದೆ: ಕೊಂಡದ್ದು ತನ್ನದು ಎಂಬುದು. 2009ರ ಜುಲೈ ತಿಂಗಳಲ್ಲಿ ಅಮೆಜಾನ್ ಸಂಸ್ಥೆ ಜಾರ್ಜ್ ಆರ್ವೆಲ್‌ನ ಎರಡು ಕೃತಿಗಳ ಪ್ರತಿಗಳನ್ನು, ಅವುಗಳನ್ನು ಮಾರಿದವರಿಗೆ ಪ್ರಕಟಣೆಯ ಹಕ್ಕಿರಲಿಲ್ಲವೆಂಬ ಕಾರಣದಿಂದ, ಗ್ರಾಹಕರ ಯಂತ್ರಗಳಿಂದ ದೂರದಲ್ಲಿ ಕುಳಿತೇ ಅಳಿಸಿಹಾಕಿತು. ಹಣ ಹಿಂದಿರುಗಿತು, ಸಂಸ್ಥೆಯ ಮುಖ್ಯಸ್ಥರು ಅನಂತರ ಕ್ಷಮೆ ಕೋರಿದರು. ಆದರೆ ಪುಸ್ತಕದಲ್ಲಿ ಟಿಪ್ಪಣಿ ಬರೆದಿಟ್ಟುಕೊಂಡಿದ್ದ ವಿದ್ಯಾರ್ಥಿಯೊಬ್ಬನಿಗೆ, ಟಿಪ್ಪಣಿ ಉಳಿದು ಅದು ಯಾವ ವಾಕ್ಯಕ್ಕೆ ಬರೆದುದೆಂಬುದೇ ಇಲ್ಲದಂತಾಯಿತು. 2025ರ ಫೆಬ್ರವರಿ 26ರಿಂದ ಅಂಗಡಿಯಲ್ಲಿ ಕೊಂಡ ಪುಸ್ತಕದ ಕಡತವನ್ನು ಗಣಕಯಂತ್ರಕ್ಕೆ ಇಳಿಸಿ ತಂತಿಯ ಮೂಲಕ ಕಿಂಡಲ್‌ಗೆ ಸಾಗಿಸುವ ಸೌಲಭ್ಯವೂ ನಿಂತುಹೋಗಿದೆ. ಓದುಗರು ತಮ್ಮಲ್ಲಿರುವ ಬೇರೆ ಕಡತಗಳನ್ನು ತಂತಿಯಿಂದ ಸಾಗಿಸುವುದಕ್ಕೆ ಇದರಿಂದ ಅಡ್ಡಿಯಿಲ್ಲ. ಅಂಗಡಿಯಿಂದ ಪಡೆದುದು ಪ್ರತಿಯಲ್ಲ, ಓದುವ ಅನುಮತಿ ಮಾತ್ರ ಎಂಬ ಅಂಶ ಈ ಎರಡು ಸಂಗತಿಗಳಿಂದ ಸ್ಪಷ್ಟವಾಗುತ್ತದೆ.

ಆಹಾರ, ಅಭಯ, ಔಷಧಗಳೊಡನೆ ಶಾಸ್ತ್ರವನ್ನೂ ದಾನಗಳಲ್ಲಿ ಎಣಿಸಿದ ಪರಂಪರೆಗೆ ಈ ಭೇದ ಸಣ್ಣದಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದುದು ಪ್ರಸಿದ್ಧವಾಗಿದೆ. ಪಡೆದವನು ಆ ಪ್ರತಿಯನ್ನು ಓದಬಹುದಾಗಿತ್ತು, ಮತ್ತೊಬ್ಬನಿಗೆ ಕೊಡಬಹುದಾಗಿತ್ತು, ಅದರಿಂದ ಇನ್ನೊಂದು ಪ್ರತಿ ತೆಗೆಯಬಹುದಾಗಿತ್ತು. ಇದಕ್ಕೆ ವ್ಯತಿರಿಕ್ತವಾದ ಸ್ಥಿತಿಯೂ ಪರಂಪರೆಯಲ್ಲಿ ಇಲ್ಲದಿಲ್ಲ: ವೀರಸೇನಾಚಾರ್ಯರ ಧವಲಾ ಟೀಕೆ ದೀರ್ಘಕಾಲ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ದರ್ಶನಕ್ಕೆ ಮಾತ್ರ ಲಭ್ಯವಾಗಿದ್ದು, ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಿಂದ 16 ಸಂಪುಟಗಳಲ್ಲಿ ಅಚ್ಚಾದ ಮೇಲಷ್ಟೆ ವಿದ್ವಾಂಸರ ಕೈಗೆ ಬಂದಿತು. ಬೀಗ ಯಾರದೇ ಆಗಲಿ, ಓದುಗನಿಗೆ ಫಲ ಒಂದೇ. ಸಂಶೋಧನ ಸಂಸ್ಥೆಗಳು ತಮ್ಮ ಪ್ರಕಟಣೆಗಳನ್ನು ಬೀಗವಿಲ್ಲದ ಇಪಬ್ ರೂಪದಲ್ಲಿಯೂ ಸರಳ ಪಠ್ಯಕಡತದ ರೂಪದಲ್ಲಿಯೂ ಇರಿಸುವುದು ಇಂದಿನ ಕಾಲಕ್ಕೆ ತಕ್ಕ ಶಾಸ್ತ್ರದಾನವೆನ್ನಬಹುದು. ಶ್ರುತಪಂಚಮಿಯಂದು ಕಟ್ಟುಗಳನ್ನು ಬಿಚ್ಚಿ, ಗಾಳಿಯಾಡಿಸಿ, ಹೊಸ ಬಟ್ಟೆಯಲ್ಲಿ ಕಟ್ಟುವ ಭಂಡಾರಗಳಲ್ಲಿ ವರ್ಷಕ್ಕೊಂದು ಕಟ್ಟಿನ ಪಾಠವನ್ನಾದರೂ ಹೀಗೆ ಊಡಿಸುವ ಸಂಕಲ್ಪ ಕಷ್ಟಸಾಧ್ಯವೇನೂ ಅಲ್ಲ.

ಅಂತಹ ಪಾಠವನ್ನು ಸಿದ್ಧಪಡಿಸುವಾಗ ಗಮನಿಸಬೇಕಾದ ಒಂದು ಅಂಶ ಉಳಿದಿದೆ. ವಾಚಕಯಂತ್ರದಲ್ಲಿ ಪುಟವೆಂಬುದು ಸ್ಥಿರವಲ್ಲ. ಓದುಗ ಅಕ್ಷರವನ್ನು ದೊಡ್ಡದು ಮಾಡಿದೊಡನೆ ಪುಟಗಳು ಹೆಚ್ಚುತ್ತವೆ, ಚಿಕ್ಕದು ಮಾಡಿದರೆ ಕಡಿಮೆಯಾಗುತ್ತವೆ. ಆದುದರಿಂದ ಪುಟಸಂಖ್ಯೆಯನ್ನು ಹೇಳಿ ಉಲ್ಲೇಖಿಸುವುದು ಇಲ್ಲಿ ವ್ಯರ್ಥ. ಮೂಲಪ್ರತಿಯ ಗರಿಯ ಸಂಖ್ಯೆ, ಅದರ ಮುಮ್ಮೈ ಅಥವಾ ಹಿಮ್ಮೈ, ಸಾಧ್ಯವಾದರೆ ಸಾಲಿನ ಸಂಖ್ಯೆ ಇವನ್ನು ಪಾಠದ ನಡುವೆಯೇ ಚೌಕಕಂಸದಲ್ಲಿ ಕೊಡಬೇಕು; ಕಡತದ ಮೊದಲಲ್ಲಿ ಭಂಡಾರದ ಹೆಸರು, ಕಟ್ಟಿನ ಕ್ರಮಾಂಕ, ಓಲೆಯ ಅಳತೆಗಳನ್ನು ಬರೆದು, ಲಿಪಿಕಾರನ ಪುಷ್ಪಿಕೆಯನ್ನು ಬಿಡದೆ ಸೇರಿಸಬೇಕು. ಛಾಯಾಚಿತ್ರದ ಕಡತಗಳಿಗೂ ಇದೇ ಗರಿಸಂಖ್ಯೆಯಿಂದ ಹೆಸರಿಟ್ಟರೆ, ವಾಚಕಯಂತ್ರದಲ್ಲಿ ಪಾಠವನ್ನು ಓದುತ್ತಿರುವವನು ಸಂದೇಹ ಬಂದ ಎಡೆಯಲ್ಲಿ ಗಣಕಯಂತ್ರದ ಮುಂದೆ ಕುಳಿತು ಆ ಗರಿಯನ್ನೇ ನೇರವಾಗಿ ತೆರೆದು ನೋಡಬಹುದು.